ತೊಳೆಯದ ಹಾರೆ

"ತಿರುಗ್ಸಿ ಆಚಾರ್ರೇ."

ಏಟು ಬಿತ್ತು.

"ಇನ್ನೊಂಚೂರು ತಿರುಗ್ಸಿ. ಹಾಂ, ಈಗ ಹೊಡೀಲಿ."

ಮತ್ತೆ ಏಟು. ಕೆಂಪಗೆ ಕಾದ ನನ್ನ ತುದಿ ಅಡಿಗಲ್ಲಿನ ಮೇಲೆ ಚಪ್ಪಟೆಯಾಗತೊಡಗಿತು. ಇಕ್ಕಳದಲ್ಲಿ ನನ್ನನ್ನು ಹಿಡಿದಿದ್ದವನು ಕಮ್ಮಾರ ಕಾಳಾಚಾರಿ. ದೊಡ್ಡ ಸುತ್ತಿಗೆಯನ್ನು ತಲೆಯ ಮೇಲಿಂದ ಬೀಸಿ ಹೊಡೆಯುತ್ತಿದ್ದವಳು ಅವನ ಹೆಂಡತಿ. ಕುಲುಮೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಇಬ್ಬರಿಗೂ ಅಪ್ಪಣೆ ಕೊಡುತ್ತಿದ್ದವನು ಬೆಳ್ಳಪ್ಪ. ನನ್ನನ್ನು ಮಾಡಿಸುತ್ತಿದ್ದವನು ಅವನೇ.

"ಎರಡು ಬೆರಳಗಲ ಇದ್ರ ಸಾಕು," ಎಂದು ಬೆರಳು ಜೋಡಿಸಿ ತೋರಿಸಿದ. "ಮೂರಾಯ್ತು ಅಂದ್ರ ತಾಯಿಗ ಏಟು ಬೀಳ್ತದ."

"ಯಾರ್ ತಾಯಿಗಪ್ಪಾ?" ಸುತ್ತಿಗೆ ಇಳಿಸಿ ಕೇಳಿದಳು ಆಚಾರಿಯ ಹೆಂಡತಿ.

"ಬಾಳಗಿಡದ ತಾಯಿಗ ಕನ ಅಕ್ಕಾ. ನಿಮ್ಮತ್ತಗಲ್ಲ."

"ಅತ್ತಗಾಗಿದ್ರ ಮೂರು ಬೆರಳೇ ಇರ್ಲಿ ಅಂತಿದ್ದೆ," ಎಂದು ನಕ್ಕು ಅವಳು ಇನ್ನೂ ಜೋರಾಗಿ ಹೊಡೆದಳು.

ಆಮೇಲೆ ನೀರು. ಕಲ್ಲುಬಾನಿಯೊಳಗೆ ಅದ್ದಿದಾಗ ನಾನು ಕಿರುಚಿದೆ. ಆ ಮೂವರಿಗೆ ಚುಂಯ್ ಎಂದಷ್ಟೇ ಕೇಳಿಸಿರಬೇಕು. ಕಬ್ಬಿಣಕ್ಕೆ ಹುಟ್ಟುವುದೆಂದರೆ ಬೆಚ್ಚಿಬೀಳುವುದು. ಅಂಥ ಆಘಾತ ಅದೇ ಮೊದಲು, ಅದೇ ಕೊನೆ ಎಂದು ನಾನಾಗ ತಿಳಿದಿದ್ದೆ.

ನಾನು ಒಂದು ಹಾರೆ. ನಾಲ್ಕೂವರೆ ಅಡಿ ಉದ್ದ. ಒಂದು ತುದಿ ಮೊನೆ, ಇನ್ನೊಂದು ತುದಿ ಚಪ್ಪಟೆ. ಅದಕ್ಕೂ ಮೊದಲು ಲಾರಿಯೊಂದರ ಆಕ್ಸಲ್ ಆಗಿದ್ದೆನಂತೆ. ಎಷ್ಟು ಊರು ಸುತ್ತಿದ್ದೆನೋ, ಏನು ಹೊತ್ತಿದ್ದೆನೋ ನೆನಪಿಲ್ಲ. ಬೆಂಕಿ ಎಲ್ಲವನ್ನೂ ಅಳಿಸುತ್ತದೆ. ನನ್ನ ನೆನಪು ಶುರುವಾಗುವುದು ಬೆಳ್ಳಪ್ಪನ ಅಂಗೈಯಿಂದ. ಅವನು ನನ್ನನ್ನು ಎತ್ತಿ ನಡುವಿನಲ್ಲಿ ಎರಡು ಬೆರಳ ಮೇಲೆ ತೂಗಿ, ಎಡಕ್ಕೂ ಬಲಕ್ಕೂ ವಾಲದೆ ನಿಂತದ್ದನ್ನು ನೋಡಿ, "ಸರೀಗದ," ಎಂದ. ಅಂದಿನಿಂದ ಇಪ್ಪತ್ತಮೂರು ವರ್ಷ ನಾನು ಇದ್ದದ್ದು ಆ ಅಂಗೈಯಲ್ಲಿ ಮತ್ತು ಆ ಹೆಗಲ ಮೇಲೆ.

ಅವನನ್ನು ಕಪಿಲಾ ನದಿಯ ದಡದ ಹತ್ತಾರು ಊರುಗಳಲ್ಲಿ ಕಂದಿನ ಬೆಳ್ಳಪ್ಪ ಎಂದು ಕರೆಯುತ್ತಿದ್ದರು. ಬಾಳೆಗೆ ಬೀಜವಿಲ್ಲ. ತಾಯಿಯ ಬುಡದಲ್ಲಿ, ಮಣ್ಣಿನ ಕೆಳಗೆ ಗೆಡ್ಡೆಗೆ ಗೆಡ್ಡೆ ಅಂಟಿಕೊಂಡು ಮರಿಗಳು ಹುಟ್ಟುತ್ತವೆ. ಅವುಗಳಿಗೆ ಕಂದು ಎನ್ನುತ್ತಾರೆ. ಕಂದನ್ನು ತಾಯಿಯಿಂದ ಬಿಡಿಸಿ ಬೇರೆ ಗುಂಡಿಯಲ್ಲಿ ನೆಟ್ಟರೆ ಹೊಸ ಗಿಡ. ಹೇಳುವುದು ಸುಲಭ. ತಪ್ಪಾಗಿ ಬಿಡಿಸಿದರೆ ಎರಡೂ ಕೆಡುತ್ತವೆ. ಬೆಳ್ಳಪ್ಪ ತೋಟದೊಳಗೆ ನಡೆಯುತ್ತಲೇ, "ಇದು ಕತ್ತಿ ಕಂದು, ಇರ್ಲಿ. ಇದು ನೀರು ಕಂದು, ತಗೀರಿ," ಎಂದು ವಿಂಗಡಿಸುತ್ತಿದ್ದ. ಎಲೆ ಕತ್ತಿಯಂತೆ ಸಪೂರವಾಗಿದ್ದರೆ ಒಳ್ಳೆಯ ಕಂದು, ಅಗಲವಾಗಿ ಹರಡಿದ್ದರೆ ಬಲವಿಲ್ಲದ್ದು. ಆಮೇಲೆ ನನ್ನ ಚಪ್ಪಟೆ ತುದಿಯನ್ನು ತಾಯಿಗೂ ಮರಿಗೂ ನಡುವೆ ಇಳಿಸಿ ಒಮ್ಮೆ ಮಾತ್ರ ತಿರುಚುತ್ತಿದ್ದ. ಎರಡನೆಯ ಸಲ ತಿರುಚಿದ್ದನ್ನು ನಾನು ಕಾಣೆ. ಕಂದು ಬಿಳಿ ಬೇರುಗಳ ಸಮೇತ ಮೇಲೆ ಬರುತ್ತಿತ್ತು, ತಾಯಿ ಒಂದು ಎಲೆಯನ್ನೂ ಬಾಡಿಸುತ್ತಿರಲಿಲ್ಲ.

ಆ ಕಪ್ಪು ಮಣ್ಣಿನಲ್ಲಿ ಬೆಳೆಯುತ್ತಿದ್ದದ್ದು ರಸಬಾಳೆ. ಹಣ್ಣಾದರೆ ಮೂರು ಮನೆಯಾಚೆಗೆ ವಾಸನೆ ಹೋಗುತ್ತಿತ್ತು ಎನ್ನುತ್ತಿದ್ದರು. ನನಗೆ ಮೂಗಿಲ್ಲ. ನನಗೆ ತಿಳಿದದ್ದು ಅದರ ಗೆಡ್ಡೆ: ತಣ್ಣಗೆ, ಗಟ್ಟಿಯಾಗಿ, ಕೊಬ್ಬರಿಯ ಹಾಗೆ ಬೆಳ್ಳಗೆ.

ಬೆಳ್ಳಪ್ಪನಿಗೆ ಒಂದು ಪದ್ಧತಿ ಇತ್ತು. ಅವನ ಅಪ್ಪನಿಗೂ ಇತ್ತಂತೆ. ಅವನು ನನ್ನನ್ನು ಎಂದೂ ತೊಳೆಯುತ್ತಿರಲಿಲ್ಲ. ಒಂದು ತೋಟದ ಕೆಲಸ ಮುಗಿದ ಮೇಲೆ, ಆ ತೋಟದ ಗೊನೆಗಳು ತೂಕದವಾಗಿದ್ದರೆ, ಅದರ ನಡುಮಧ್ಯೆ ನನ್ನನ್ನು ಮೂರು ಸಲ ಊರಿ ಎತ್ತುತ್ತಿದ್ದ. ಮಣ್ಣು ಮೈಗೆ ಮೆತ್ತಿಕೊಳ್ಳುತ್ತಿತ್ತು. ಅದನ್ನು ಒರೆಸದೆ ಹೆಗಲಿಗೇರಿಸಿ ಮುಂದಿನ ತೋಟಕ್ಕೆ ಹೋಗಿ, ಅದರ ಈಶಾನ್ಯದ ಮೂಲೆಯಲ್ಲಿ ಮೊದಲು ಮೂರು ಸಲ ಊರುತ್ತಿದ್ದ. ಒಳ್ಳೆಯ ತೋಟದ ಮಣ್ಣು ಹೊಸ ತೋಟಕ್ಕೆ ಬಂದು ನೆಂಟಸ್ತಿಕೆ ಹೇಳಬೇಕು, ಆಮೇಲೆ ಕೆಲಸ.

ರೈತರು ಅದನ್ನು ಬಯಸುತ್ತಿದ್ದರು. ಕಂಬದಹುಂಡಿಯ ಗುರುಮಲ್ಲಪ್ಪ ಎಂಬ ತೋಟದ ಯಜಮಾನ ಒಮ್ಮೆ ಗೇಟಿನಲ್ಲೇ ಅಡ್ಡಗಟ್ಟಿ ಕೇಳಿದ್ದು ಚೆನ್ನಾಗಿ ನೆನಪಿದೆ.

"ಯಾರ್ ಮಣ್ಣ ತಂದೀಯಪ್ಪಾ ಇವತ್ತು?"

"ಬೀರೇಗೌಡ್ರ ತ್ವಾಟದ್ದು ಬುದ್ದಿ. ಗೊನೆ ಒಂದೊಂದೂ ಮಗೀನಂಗವ."

"ಹಂಗಾದ್ರ ಒಳಕ್ ಬಾ. ಹೋದ್ಸಲ ಮಳೇಲಿ ತೊಳ್ಕಂಡು ಬಂದಿತ್ತು ನಿನ್ ಹಾರ. ನೆಂಟ್ರ ಮನಗ ಬರಿಗೈಲಿ ಬಂದಂಗಾಗಿತ್ತು."

ಕೆಲವು ಹೆಂಗಸರು ನನ್ನ ಮೈಯ ಮಣ್ಣಿನ ಮೇಲೆಯೇ ಕುಂಕುಮ ಇಡುತ್ತಿದ್ದರು. ಹಾರೆಯೊಂದಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ನಾನು ಬೀಗುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಗುದ್ದಲಿಗಳ ಪಕ್ಕ ನನ್ನನ್ನು ಒರಗಿಸಿದರೆ ನನಗೆ ಅವಮಾನವಾಗುತ್ತಿತ್ತು.

ಒಬ್ಬಳ ತೋಟಕ್ಕೆ ಮಾತ್ರ ನಾವು ಹೋಗುವುದು ನಿಂತಿತ್ತು. ಅವಳು ಬೆಳ್ಳಪ್ಪನ ತಂಗಿ ಜವನಮ್ಮ. ಹೊಳೆಯಾಚೆ, ದಿಬ್ಬದ ಮೇಲೆ ಅವಳ ತೋಟ. ತೋಟದ ನಡುವೆಯೇ ಮನೆ. ನಾನು ಬೆಳ್ಳಪ್ಪನ ಕೈಗೆ ಬಂದ ಹನ್ನೆರಡನೆಯ ವರ್ಷ ಅವಳ ಮಗಳು ಕೆಂಚಿ ಮೈನೆರೆದಾಗ, ಸೋದರಮಾವನಾದ ಬೆಳ್ಳಪ್ಪ ಹೋಗಿ ಹಸಿರು ಸೊಪ್ಪಿನ ಗುಡ್ಲು ಕಟ್ಟಬೇಕಿತ್ತು. ಅವನು ಅಂದು ಬೀರೇಗೌಡರ ತೋಟದಲ್ಲಿ ಕಂದು ಬಿಡಿಸುತ್ತಿದ್ದ. ಕೆಲಸ ಅರ್ಧಕ್ಕೆ ನಿಲ್ಲಿಸಲಾಗಲಿಲ್ಲ. ಎರಡು ದಿನ ತಡವಾಗಿ, ನನ್ನನ್ನು ಹೊತ್ತು, ಒಳ್ಳೆಯ ಮಣ್ಣು ಮೆತ್ತಿಸಿಕೊಂಡು ಹೋದ. ಅಷ್ಟರಲ್ಲಿ ದೂರದ ನೆಂಟನೊಬ್ಬ ಗುಡ್ಲು ಕಟ್ಟಿ ಮುಗಿಸಿದ್ದ. ಜವನಮ್ಮ ಬೇಲಿಯ ಹತ್ತಿರವೇ ನಿಂತು ಮಾತಾಡಿದಳು.

"ನಿಂಗ ಬಾಳ ಕಂದು ಹೆಚ್ಚೋ ನನ್ ಕಂದ ಹೆಚ್ಚೋ ಅಂತ ಗೊತ್ತಾಯ್ತು. ಈ ಬೇಲಿ ದಾಟ್ಬ್ಯಾಡ."

ಅವನು ದಾಟಲಿಲ್ಲ. ಮೈಯ ಮಣ್ಣು ಒಣಗಿ ಉದುರುವವರೆಗೂ ನನ್ನನ್ನು ಹೊತ್ತು ಹೊಳೆಯ ದಂಡೆಯಲ್ಲಿ ಕೂತಿದ್ದ.

ಅದಾಗಿ ಎರಡು ವರ್ಷಕ್ಕೆ ಬೀರೇಗೌಡರ ತೋಟದಲ್ಲಿ ಮೊದಲ ಗಿಡ ಸೊರಗಿತು. ಕೆಳಗಿನ ಎಲೆಯ ಅಂಚು ಹಳದಿಯಾಯಿತು. ಹಳದಿ ನಡುದಿಂಡಿಗೆ ಹರಿಯಿತು. ಎಲೆಯ ತೊಟ್ಟು ಮುರಿದು, ಒಂದರ ಮೇಲೊಂದು ಎಲೆ ಕಾಂಡದ ಸುತ್ತ ಲಂಗದಂತೆ ಜೋತುಬಿತ್ತು. ಬುಡದಲ್ಲಿ ಕಾಂಡ ಸೀಳಿತು. ಗೊನೆ ಬರಲೇ ಇಲ್ಲ. ಅದರ ಗೆಡ್ಡೆಯೊಳಗೆ ನಾನು ಇಳಿದಾಗ ಬೆಚ್ಚಿದೆ. ತಣ್ಣಗಿನ ಬಿಳಿ ಅಲ್ಲಿರಲಿಲ್ಲ. ಕೆಂಪು ಕೆಂಪಾದ ಚುಕ್ಕೆಗಳು, ಬಳೆಗಳ ಹಾಗೆ ಸುತ್ತಿಕೊಂಡಿದ್ದವು.

ಒಬ್ಬರು ಕಣ್ಣು ಬಿತ್ತು ಎಂದರು. ಒಬ್ಬರು ಕಾಲುವೆ ನೀರು ಕೆಟ್ಟಿದೆ ಎಂದರು, ಇನ್ನೊಬ್ಬರು ಗೊಬ್ಬರ. ಎಲ್ಲರೂ ಒಪ್ಪಿದ ಮಾತು ಒಂದೇ: ಕೈಗುಣ ಇರುವವನನ್ನು ಕರೆಸಿ ಸತ್ತ ಗಿಡ ತೆಗೆಸಿ, ಅದೇ ಗುಂಡಿಗೆ ಹೊಸ ಕಂದು ಹಾಕಿಸಬೇಕು. ಕೈಗುಣ ಇದ್ದವನು ಬೆಳ್ಳಪ್ಪ. ಹೆದರಿಕೆ ಹೆಚ್ಚಾದಷ್ಟೂ ನಮಗೆ ಕರೆ ಹೆಚ್ಚಾಯಿತು. ಸೊರಗಿದ ತೋಟದಲ್ಲಿ ಬೆಳಗ್ಗೆ, ಸೊರಗದ ತೋಟದಲ್ಲಿ ಮಧ್ಯಾಹ್ನ. ಸೊರಗದ ತೋಟ ಸಿಕ್ಕಾಗ ಅದರ ಮಣ್ಣನ್ನು ಮೂರು ಸಲ ಊರಿ ತೆಗೆದುಕೊಂಡು, ಸೊರಗಿದ್ದಕ್ಕೆ ಔಷಧವೆಂದು ಒಯ್ಯುತ್ತಿದ್ದ. ಸೊರಗದ ತೋಟ ಎಂದು ನಾವು ಅಂದುಕೊಂಡಿದ್ದರ ಮಣ್ಣನ್ನು.

ಎಂಟು ವರ್ಷದಲ್ಲಿ ಹನ್ನೆರಡು ಊರಿನ ತೋಟಗಳು ಹೋದವು. ಜನ ಕಬ್ಬು ಹಾಕಿದರು, ಬೇರೆ ಜಾತಿಯ ಬಾಳೆ ಹಾಕಿದರು. ಕೈ ಸೋತಿತೆಂದು ಬೆಳ್ಳಪ್ಪ ಮೆತ್ತಗಾದ. ಒಮ್ಮೆ ಬಿದ್ದ ಗಿಡವೊಂದನ್ನು ತಬ್ಬಿ ಎತ್ತಲು ನೋಡಿದ. ಅದು ಅವನ ತೋಳಿನಲ್ಲಿ ಎರಡಾಗಿ ಒಡೆಯಿತು.

ಆಗ ಬಂದವಳು ತಸ್ನೀಮ್. ಬಾಳೆ ಸಂಶೋಧನಾ ಕೇಂದ್ರವೊಂದರಿಂದ ಬಂದ ಗಿಡರೋಗದ ವಿಜ್ಞಾನಿ. ಮೂವತ್ತರ ಆಚೀಚಿನ ವಯಸ್ಸು, ಮಣ್ಣು ಮೆತ್ತಿದ ಬೂಟು. ಆ ಬೂಟನ್ನು ಪ್ರತಿ ತೋಟದ ಬಾಗಿಲಲ್ಲೂ ಒಂದು ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದು ಹೊರಗೆ ಬರುತ್ತಿದ್ದಳು. ಅದನ್ನು ನೋಡಿ ಊರು ನಕ್ಕಿತು. "ಮೇಡಮ್ಮೋರ್ಗ ನಮ್ ಮಣ್ಣು ಅಂದ್ರ ಹೇಸ್ಗ," ಅಂದರು.

ಅವಳು ಔಷಧ ಕೊಡಲಿಲ್ಲ, ಪ್ರಶ್ನೆ ಕೇಳಿದಳು. ನಿಮ್ಮಲ್ಲಿ ಮೊದಲ ಗಿಡ ಸೊರಗಿದ್ದು ಯಾವಾಗ? ಯಾವ ಮೂಲೆಯಲ್ಲಿ? ಕಂದು ಎಲ್ಲಿಂದ ತಂದಿರಿ? ಉತ್ತರಗಳನ್ನು ನಕ್ಷೆಯೊಂದರ ಮೇಲೆ ಕೆಂಪು ಚುಕ್ಕೆಯಾಗಿ ಇಡುತ್ತ ಹೋದಳು. ತಿಂಗಳ ಮೇಲೆ ಕಂಬದಹುಂಡಿಯ ಹಾಲಿನ ಡೈರಿಯ ಜಗಲಿಯಲ್ಲಿ ಆ ನಕ್ಷೆಯನ್ನು ಹಾಸಿದಳು. ರೈತರು ಬಗ್ಗಿ ನೋಡಿದರು. ಬೆಳ್ಳಪ್ಪನೂ ಇದ್ದ, ನಾನು ಗೋಡೆಗೆ ಒರಗಿದ್ದೆ.

"ನನಗೊಂದು ಅರ್ಥ ಆಗ್ತಿಲ್ಲ," ಎಂದಳು ತಸ್ನೀಮ್. "ರೋಗದ ಕಂದು ತಂದವರ ತೋಟ ಹೋಯ್ತು, ಸರಿ. ಕಾಲುವೆ ನೀರು ಹರಿದ ಕಡೆ ಹೋಯ್ತು, ಅದೂ ಸರಿ. ಆದರೆ ಈ ಆರು ತೋಟಗಳಿಗೆ ಹೊಸ ಕಂದೂ ಬಂದಿಲ್ಲ, ಕಾಲುವೆನೂ ಇಲ್ಲ, ಬೋರ್‌ವೆಲ್. ಆರರಲ್ಲೂ ಮೊದಲು ಸತ್ತಿದ್ದು ಈಶಾನ್ಯದ ಮೂಲೆ ಗಿಡ. ಅಲ್ಲೇನು ಮಾಡ್ತೀರಿ ನೀವು?"

ಗುರುಮಲ್ಲಪ್ಪ ನಕ್ಕ.

"ಏನೂ ಮಾಡಲ್ಲ ಕನವ್ವ. ಬೆಳ್ಳಪ್ಪ ಬಂದು ನೆಂಟಸ್ತಿಕ ಹೇಳ್ತಾನ, ಅಷ್ಟೇಯ."

ಎಲ್ಲರೂ ನಕ್ಕರು. ಬೆಳ್ಳಪ್ಪ ಹೆಮ್ಮೆಯಿಂದ ಮೂರು ಸಲ ಊರುವುದನ್ನು ವಿವರಿಸಿದ. ತಸ್ನೀಮ್ ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಇಪ್ಪತ್ತಮೂರು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ನಕ್ಷೆಯಲ್ಲಿ ಹೊಳೆಯಾಚೆ ದಿಬ್ಬದ ಮೇಲೆ ಚುಕ್ಕೆಯಿಲ್ಲದ ಒಂದು ಜಾಗವಿತ್ತು. ಅದರ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು.

"ಇದು ಯಾರ ತೋಟ? ಇಲ್ಲಿ ಒಂದು ಗಿಡನೂ ಸತ್ತಿಲ್ಲ."

"ಜವನಮ್ಮಂದು," ಎಂದ ಗುರುಮಲ್ಲಪ್ಪ. "ಇವ್ನ್ ತಂಗೀದೇಯ. ಇವ್ನ ಒಳಕ್ಕೇ ಬುಟ್ಟಿಲ್ಲ ಹನ್ನೊಂದ್ ವರ್ಸದಿಂದ. ರಸಬಾಳ ಅಂತ ಉಳ್ದಿರದು ಈಗ ಅದೊಂದ್ರಲ್ಲೇಯ."

ನಗು ಮುಂದುವರಿಯಿತು. ಅವಳು ನಗಲಿಲ್ಲ. ನನ್ನನ್ನು ಎಂಟು ದಿನದ ಮಟ್ಟಿಗೆ ಕೊಡುವಿರಾ ಎಂದು ಬೆಳ್ಳಪ್ಪನನ್ನು ಕೇಳಿದಳು.

"ಅದ್ಕೇನು, ತಕ್ಕ ಹೋಗಿ. ಬ್ಯಾಸಗೇಲಿ ಹೆಂಗಿದ್ರೂ ಕಂದು ಕೀಳಲ್ಲ. ತೊಳೀಬ್ಯಾಡಿ ಮಾತ್ರ," ಎಂದ ಅವನು.

"ಇಲ್ಲ," ಎಂದಳು ತಸ್ನೀಮ್. "ಮೊದಲು ತೊಳೆಯಲ್ಲ."

ನನ್ನನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಜೀಪಿನ ಹಿಂದೆ ಮಲಗಿಸಿದಳು. ಉಸಿರುಗಟ್ಟುವುದೆಂದರೆ ಏನೆಂದು ಅಂದು ತಿಳಿಯಿತು.

ಕೇಂದ್ರದಲ್ಲಿ ನನ್ನ ಮೈಯ ಮಣ್ಣನ್ನು ಚಮಚದಿಂದ ಕೆರೆದು ನೀರಿನಲ್ಲಿ ಕಲಸಿದಳು. ಅದರ ಒಂದೊಂದು ಹನಿಯನ್ನು ಗಾಜಿನ ಬಿಲ್ಲೆಗಳ ಮೇಲೆ ಬಿಟ್ಟು ಮುಚ್ಚಿದಳು. ಐದನೆಯ ದಿನಕ್ಕೆ ಬಿಲ್ಲೆಗಳಲ್ಲಿ ಬಿಳಿ ಹತ್ತಿಯಂಥದು ಬೆಳೆದಿತ್ತು. ಅಡಿಯಲ್ಲಿ ತಿಳಿ ನೇರಳೆ ಬಣ್ಣ. ನೋಡಲು ಚೆನ್ನಾಗಿತ್ತು. ನನ್ನ ಮೈಮೇಲೆ ಇಂಥದೊಂದು ಇತ್ತೇ? ಇಷ್ಟು ವರ್ಷ? ಮಣ್ಣಿನೊಳಗೆ ನನ್ನಷ್ಟು ಆಳಕ್ಕೆ ಹೋದವರು ಆ ಊರುಗಳಲ್ಲಿ ಇನ್ನೊಬ್ಬರಿಲ್ಲ, ಆದರೂ ನಾನು ಅದರ ಹೆಜ್ಜೆ ಸದ್ದನ್ನೂ ಕೇಳಿರಲಿಲ್ಲ.

"ಬಿಲ್ಲೆಯಲ್ಲಿ ಬೆಳೆದ ಮಾತ್ರಕ್ಕೆ ಕೊಲೆಗಾರ ಅನ್ನೋಕಾಗಲ್ಲ," ಎಂದು ತಸ್ನೀಮ್ ಜೊತೆಯವರಿಗೆ ಹೇಳಿದಳು. "ಮಣ್ಣಲ್ಲಿ ಸಾವಿರ ಬೂಜು ಇರುತ್ತೆ. ಗಿಡ ಸಾಯಬೇಕು. ಆಗ ಸಾಬೀತು."

ಆ ಮಾತಿನಲ್ಲಿ ನಾನು ಆಸೆ ಇಟ್ಟುಕೊಂಡೆ.

ಹನ್ನೆರಡು ಕುಂಡ. ಹಬೆಯಲ್ಲಿ ಬೇಯಿಸಿದ ಮಣ್ಣು. ಪ್ರಯೋಗಾಲಯದಲ್ಲೇ ಬೆಳೆಸಿದ, ಹೊರಗಿನ ನೆಲವನ್ನೇ ಮುಟ್ಟದ ಹನ್ನೆರಡು ರಸಬಾಳೆ ಗಿಡ. ಒಂದು ಬೆಳಗ್ಗೆ ಅವಳು ಬಂದು, ಇನ್ನೂ ಮಣ್ಣು ಅಂಟಿಕೊಂಡಿದ್ದ ನನ್ನನ್ನು ಮೊದಲ ಆರು ಕುಂಡಗಳಲ್ಲಿ, ಬೇರು ತುಸು ತರಚುವಂತೆ, ಒಮ್ಮೊಮ್ಮೆ ಊರಿದಳು. ಆಮೇಲೆ ಬ್ರಷ್ ಹಾಕಿ ಉಜ್ಜಿದಳು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿದಳು, ಒರೆಸಿ ಬೆಂಕಿಗೆ ಹಿಡಿದಳು. ಉಳಿದ ಆರು ಕುಂಡಗಳಲ್ಲಿಯೂ ಅದೇ ರೀತಿ ಊರಿದಳು. ಒಂದೇ ಬೆಳಗ್ಗೆ, ಒಂದೇ ಕೈ, ಒಂದೇ ನಾನು.

ಎಂಟು ದಿನ ಎರಡು ತಿಂಗಳಾಯಿತು. ಬೆಳ್ಳಪ್ಪ ಪ್ರತಿ ಸೋಮವಾರ ಬಸ್ಸಿನಲ್ಲಿ ಬರುತ್ತಿದ್ದ, ಆಸ್ಪತ್ರೆಗೆ ಸೇರಿಸಿದವರನ್ನು ನೋಡಲು ಬರುವ ಹಾಗೆ.

"ಏನ್ ಮೇಡಮ್ಮೋ, ನನ್ ಹಾರಗ ಜ್ವರ ಬುಡ್ತಾ?"

"ಇನ್ನೂ ಇಲ್ಲ ಬೆಳ್ಳಪ್ಪನೋರೇ."

"ಗುಳ್ಗ ಕೊಡಿ. ಗಂಜಿ ಕೊಡಿ. ಆಡಿ ತಿಂಗ್ಳ ಮಳಗ ಎದ್ ನಿಂತ್ಕಬೇಕು." ಹೀಗೆಂದು ನನ್ನ ಮೊನೆಯನ್ನು ತಟ್ಟಿ, ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ಒಂದು ಸೋಮವಾರ ಅವನ ಮುಖದಲ್ಲಿ ಹಿಂದೆ ಕಾಣದ ಬೆಳಕಿತ್ತು. ಕೆಂಚಿಗೆ ಗಂಡು ಗೊತ್ತಾಗಿದೆಯಂತೆ. ಅಣ್ಣ ಒಂದು ಹೆಜ್ಜೆ ಇಟ್ಟರೆ ತಾನು ಎರಡು ಇಡುವೆನೆಂದು ಜವನಮ್ಮ ಯಾರ ಹತ್ತಿರವೋ ಹೇಳಿದ್ದಾಳಂತೆ. "ಹನ್ನೊಂದ್ ವರ್ಸ ಮೇಡಮ್ಮೋರೇ," ಎಂದ. ಬೆರಳುಗಳನ್ನು ಎತ್ತಿ ತೋರಿಸಿ, ಹತ್ತಕ್ಕೆ ಬೆರಳು ಮುಗಿದದ್ದಕ್ಕೆ ತಾನೇ ನಕ್ಕ.

ಆರನೆಯ ವಾರ ಮೊದಲ ಕುಂಡದಲ್ಲಿ ಕೆಳಗಿನ ಎಲೆಯ ಅಂಚು ಹಳದಿಯಾಯಿತು. ಆಮೇಲೆ ಎರಡನೆಯದು, ನಾಲ್ಕನೆಯದು. ಎಂಟನೆಯ ವಾರಕ್ಕೆ ಮೊದಲ ಆರರಲ್ಲಿ ಐದು ಗಿಡಗಳ ಎಲೆ ಲಂಗದಂತೆ ಜೋತುಬಿದ್ದಿತ್ತು. ತೊಳೆದು ಊರಿದ ಆರೂ ಗಿಡಗಳು ನೆಟ್ಟಗೆ ಹಸಿರಾಗಿ ನಿಂತಿದ್ದವು. ನಾನು ಎದುರಿನ ಗೋಡೆಗೆ ಒರಗಿ ಅವುಗಳನ್ನು ದಿನವಿಡೀ ನೋಡುತ್ತಿದ್ದೆ. ಕಣ್ಣು ಮುಚ್ಚಲು ಹಾರೆಗೆ ರೆಪ್ಪೆಯಿಲ್ಲ. ಬೀರೇಗೌಡರ ತೋಟ. ಗುರುಮಲ್ಲಪ್ಪನ ತೋಟ. ಕುಂಕುಮ ಇಟ್ಟ ಹೆಂಗಸರ ತೋಟಗಳು. ಅವರು ಬೊಟ್ಟು ಇಟ್ಟದ್ದು ಯಾವುದರ ಮೇಲೆ?

ಈಗ ನಾನು ಆ ಕೇಂದ್ರದ ಒಂದು ಕೋಣೆಯಲ್ಲಿದ್ದೇನೆ. ಎರಡು ಮೊಳೆಗಳ ಮೇಲೆ ಅಡ್ಡವಾಗಿ, ಕೆಟ್ಟ ತಕ್ಕಡಿಯೊಂದರ ಮೇಲ್ಗಡೆ. ತುಕ್ಕು ಹಿಡಿಯದಿರಲೆಂದು ವರ್ಷಕ್ಕೊಮ್ಮೆ ಎಣ್ಣೆ ಸವರುತ್ತಾರೆ. ಕಲಿಯುವ ಹುಡುಗಿಯರು ಗುಂಪಾಗಿ ಬಂದಾಗ ಯಾರಾದರೊಬ್ಬರು ನನ್ನ ಕಡೆ ಬೆರಳು ತೋರಿಸಿ ನಕ್ಷೆಯ ಕಥೆ ಹೇಳುತ್ತಾರೆ. ಹುಡುಗಿಯರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕಬ್ಬಿಣದ್ದೇನು ತಪ್ಪು, ಹಿಡಿದ ಕೈಯದು ತಪ್ಪು ಎನ್ನುವವರಿದ್ದಾರೆ. ಆ ಕೈಯನ್ನು ಅವರು ಕಂಡವರಲ್ಲ. ಎರಡನೆಯ ಸಲ ತಿರುಚದ ಕೈ ಅದು. ತಪ್ಪು ಯಾರದೆಂದು ಯೋಚಿಸುತ್ತ ನನಗೆ ಇಷ್ಟು ವಯಸ್ಸಾಯಿತು. ಪ್ರೀತಿಯಿಂದ ಒಯ್ದದ್ದೇ ಕೊಂದಿತು ಎಂಬಲ್ಲಿಗೆ ಬಂದು ಪ್ರತಿ ಸಲವೂ ನಿಲ್ಲುತ್ತೇನೆ. ಅದರ ಮುಂದಕ್ಕೆ ಹೋಗಲು ನನ್ನ ಬುದ್ಧಿಗೆ ಆಗುವುದಿಲ್ಲ. ಉಳಿದಿರುವುದು ಆ ಸೋಮವಾರ ಒಂದೇ. ಅದನ್ನು ಹೇಳಿ ಮುಗಿಸುತ್ತೇನೆ.

ಎಂಟನೆಯ ವಾರದ ಸೋಮವಾರ. ಬೆಳ್ಳಪ್ಪ ಬಂದ, ಜ್ವರದ ಮಾತು ಆಡುವ ಮೊದಲೇ ತಸ್ನೀಮ್ ಅವನನ್ನು ಕುಂಡಗಳ ಹತ್ತಿರ ಕರೆದೊಯ್ದಳು. ಸೊರಗಿದ ಗಿಡವೊಂದನ್ನು ಕಿತ್ತು ಗೆಡ್ಡೆಯನ್ನು ಉದ್ದಕ್ಕೆ ಸೀಳಿದಳು. ಕೆಂಪು ಬಳೆ. ಹಸಿರು ಗಿಡವೊಂದನ್ನು ಕಿತ್ತು ಸೀಳಿದಳು. ಬಿಳಿ.

"ಇದ್ ಯಾರ್ ತ್ವಾಟದ್ದವ್ವ?" ಎಂದ ಅವನು, ಕೆಂಪನ್ನು ಮುಟ್ಟಿ.

"ಯಾರ ತೋಟದ್ದೂ ಅಲ್ಲ. ಇಲ್ಲೇ ಬೆಳೆಸಿದ್ದು. ಬೇಯಿಸಿದ ಮಣ್ಣು."

"ಮತ್ತ ರೋಗ ಹೆಂಗ್ ಬಂತು?"

ಅವಳು ಹೇಳಿದಳು. ಸುತ್ತಿ ಬಳಸಲಿಲ್ಲ. ತೊಳೆಯದೆ ಊರಿದ್ದು ಆರು, ತೊಳೆದು ಊರಿದ್ದು ಆರು. ಈ ಬೂಜು ಮಣ್ಣಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಸಾಯದೆ ಕೂತಿರಬಲ್ಲದು. ಉಗುರಿನ ಸಂದಿಯ ಮಣ್ಣು ಸಾಕು.

"ಎಲ್ಲಾ ನಿಮ್ಮಿಂದಲೇ ಅಂತ ನಾನು ಹೇಳ್ತಿಲ್ಲ," ಎಂದು ಬೇಗ ಬೇಗ ಸೇರಿಸಿದಳು. "ಕಾಲುವೆ ನೀರೂ ತಂದಿದೆ, ಕಂದೂ ತಂದಿದೆ. ನಿಮಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ."

ಬೆಳ್ಳಪ್ಪ ನನ್ನ ಕಡೆ ನೋಡಲಿಲ್ಲ. "ಪುಸ್ತಕ ತಗೀರಿ," ಎಂದ.

"ಯಾಕೆ?"

"ಬರ್ಕಳಿ. ನಿಮ್ ನಕ್ಷೇಲಿ ಅರ್ಧ ಅದ. ನಾ ಹೇಳ್ತೀನಿ." ಎಂದು ಶುರುಮಾಡಿದ. ಬೀರೇಗೌಡರಲ್ಲಿಂದ ಯಾರಲ್ಲಿಗೆ ಹೋದದ್ದು, ಅಲ್ಲಿಂದ ಯಾರಲ್ಲಿಗೆ, ಯಾವ ಶ್ರಾವಣದಲ್ಲಿ, ಯಾವ ಕಾರ್ತೀಕದಲ್ಲಿ, ಯಾವ ಮೂಲೆಯಲ್ಲಿ ಊರಿದ್ದು. ಒಂದು ತೋಟವನ್ನೂ ಬಿಡಲಿಲ್ಲ. ದನಿ ಏರಲಿಲ್ಲ, ನಡುಗಲಿಲ್ಲ. ತಸ್ನೀಮಳ ಪೆನ್ನೇ ಎರಡು ಸಲ ನಿಂತಿತು. "ಬರೀರಿ ಬರೀರಿ," ಎಂದ. ನಾನು ಮೂವತ್ತೊಂದನೆಯ ತೋಟದವರೆಗೆ ಕೇಳಿಸಿಕೊಂಡೆ. ಅದರ ಮೇಲೆ ಕೇಳಲಾಗಲಿಲ್ಲ.

ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಹಸಿರು ಸೀರೆಯ ಸೆರಗು ಹೊದ್ದು, ಜವನಮ್ಮ ನಿಂತಿದ್ದಳು. ಅವಳ ತಲೆಯೂ ನರೆತಿತ್ತು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ನಿನ್ನೂರ್ಗ ಹೋಗಿದ್ದೆ. ಸೋಮಾರ ಇಲ್ಲಿರ್ತಾನ ಅಂದ್ರು. ಹಾರಗ ಜ್ವರ ಅಂತಲ್ಲ?" ಎಂದಳು. ನಗಿಸಬೇಕೆಂದು ದಾರಿಯುದ್ದಕ್ಕೂ ಆ ಮಾತನ್ನು ಜೋಡಿಸಿಕೊಂಡು ಬಂದಂತಿತ್ತು. ಯಾರೂ ನಗಲಿಲ್ಲ.

ಅವಳು ಬಟ್ಟೆ ಸರಿಸಿದಳು. ವೀಳ್ಯದೆಲೆ, ಅಡಿಕೆ, ಅರಿಶಿನ ಕುಂಕುಮ, ಒಂದು ಚಿಪ್ಪು ರಸಬಾಳೆ ಹಣ್ಣು. ತಸ್ನೀಮ್ ಉಸಿರೆಳೆದುಕೊಂಡದ್ದು ನನಗೆ ಕಂಡಿತು.

"ಕೆಂಚಿ ಮದ್ವ, ಬರೋ ಗುರ್ವಾರ," ಎಂದಳು ಜವನಮ್ಮ. "ಚಪ್ಪರಕ್ಕ ಬಾಳಕಂಬ ಸೋದರಮಾವ್ನೇ ಕಡೀಬೇಕು. ನನ್ ತ್ವಾಟದಲ್ಲಿ ನಿಂಗ ಬೇಕಾದ್ದ ಕಡಿ. ಮಗೀಗ ಅತ್ತಮನಗ ತಕ್ಕ ಹೋಗಕ ಐದು ಕಂದು ಬಿಡ್ಸಿಕೊಡು. ಮಿಕ್ಕವ್ರ ಕೈಲಿ ಬಿಡ್ಸಲ್ಲ ಅಂತ ಹಟ ಹಿಡ್ದವ್ಳ. ಅವತ್ತು ನಾ ಆಡಿದ್ದು ಆಯ್ತು, ನೀ ಬರ್ದೆ ಇದ್ದುದ್ದೂ ಆಯ್ತು. ಸಾಕು."

ಬೆಳ್ಳಪ್ಪ ತಟ್ಟೆಯನ್ನು ನೋಡಿದ, ಅವಳನ್ನು ನೋಡಿದ. "ಮೇಡಮ್ಮೋರೇ, ಅವ್ಳಿಗೂ ಹೇಳಿ," ಎಂದ.

ತಸ್ನೀಮ್ ಹೇಳಿದಳು. ಸೀಳಿದ ಎರಡು ಗೆಡ್ಡೆಗಳನ್ನೂ ತೋರಿಸಿದಳು. ಜವನಮ್ಮ ತಟ್ಟೆ ಹಿಡಿದೇ ಕೇಳಿದಳು. ಕೊನೆಗೆ ಅವಳ ಬಾಯಿಂದ ಬಂದದ್ದು ಒಂದೇ ಮಾತು.

"ಅಂದ್ರ ನನ್ ತ್ವಾಟ ಉಳ್ದಿರದು ನಾ ಬಯ್ದುದ್ಕಾ?"

"ದಿಬ್ಬದ ಮೇಲಿದೆ, ಅದೂ ಒಂದು," ಎಂದಳು ತಸ್ನೀಮ್.

ಜವನಮ್ಮ ಸೆರಗಿನಿಂದ ಮೂಗು ಒರೆಸಿ, ಗಟ್ಟಿ ದನಿಯಲ್ಲಿ ಕೇಳಿದಳು.

"ಮೇಡಮ್ಮ, ತೊಳುದ್ರ ಹೋಗ್ತದ ಅಂದ್ರಲ್ಲ?"

"ಹೋಗುತ್ತೆ. ಹಾರೆ ಈಗಲೇ ಶುದ್ಧವಾಗಿದೆ. ಬೆಂಕಿಗೆ ಹಿಡಿದಿದೀವಿ." ತಸ್ನೀಮ್ ನನ್ನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಬೆಳ್ಳಪ್ಪನ ಮುಂದೆ ಹಿಡಿದಳು. "ಹೊಸ ಚಪ್ಪಲಿ ಹಾಕ್ಕೊಳ್ಳಿ, ಒಗೆದ ಬಟ್ಟೆ ಉಟ್ಕೊಳ್ಳಿ. ಬೇಲಿ ಹತ್ರ ಬ್ಲೀಚಿಂಗ್ ನೀರಿಟ್ಟು ಕೈಕಾಲು ತೊಳೆಸ್ತೀನಿ, ಉಗುರು ನಾನೇ ನೋಡ್ತೀನಿ. ನಮ್ಮ ಜೀಪಲ್ಲೇ ಬನ್ನಿ. ನಿಮ್ಮಷ್ಟು ಚೆನ್ನಾಗಿ ಕಂದು ಬಿಡಿಸೋರು ನನಗೂ ಬೇಕು, ಆ ತೋಟದಿಂದಲೇ ಮತ್ತೆ ಶುರುಮಾಡಬೇಕು. ಏನೂ ಆಗಲ್ಲ, ನಾನು ಬರೆದು ಕೊಡ್ತೀನಿ."

ಅವನ ಎದೆಗೂ ನನಗೂ ಒಂದು ಗೇಣು ದೂರವಿತ್ತು. ಆ ಅಂಗೈಯ ಶಾಖ ನನಗೆ ತಾಗುತ್ತಿತ್ತು. ನನ್ನ ಮೈಮೇಲೆ ಒಂದು ಕಣ ಮಣ್ಣಿರಲಿಲ್ಲ. ಹಿಡಿ, ಎಂದು ನಾನು ಒಳಗೇ ಕೂಗಿದೆ.

ಅವನು ಕೈ ಚಾಚಲಿಲ್ಲ.

"ಅದ್ನ ಬುಡು, ಅದಿಲ್ಲೇ ಬಿದ್ದಿರ್ಲಿ. ಆಚಾರಿ ಹತ್ರ ಹೊಸಾದು ಮಾಡ್ಸವ," ಎಂದಳು ಜವನಮ್ಮ. "ಕಂದೂ ಬ್ಯಾಡ, ಕಂಬಾನೂ ಬ್ಯಾಡ. ಬಂದು ಅಕ್ಷತೆ ಹಾಕು ಸಾಕು."

"ನಿನ್ ಮನ ಎಲ್ಲದ?" ಎಂದ ಬೆಳ್ಳಪ್ಪ.

"ತ್ವಾಟದೊಳ್ಗ ಅದ. ನಿಂಗೊತ್ತಿಲ್ವ?"

"ಅದ್ಕೇಯ. ಉಳ್ದಿರದು ಅದೊಂದೇಯ," ಎಂದ ಅವನು.

"ನಾ ಅಲ್ವಾ ಕರೀತಿರದು? ಹೋದ್ರ ನನ್ ತ್ವಾಟ ತಾನೇ ಹೋಗದು? ಹೋಗ್ಲಿ!" ಎಂದಳು ಜವನಮ್ಮ. ತಟ್ಟೆಯನ್ನು ಅವನ ಎದೆಯ ಮಟ್ಟಕ್ಕೆ ಎತ್ತಿ ಚಾಚಿದಳು. "ಹನ್ನೊಂದ್ ವರ್ಸ ಆದ್ಮ್ಯಾಕ ನಾನಾಗೇ ಬಂದಿವ್ನಿ. ಹಿಡಿ ಅಣ್ಣಯ್ಯ. ಬತ್ತೀನಿ ಅನ್ನು."

ಬೆಳ್ಳಪ್ಪ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಬರಲ್ಲ," ಎಂದ.